ರುಚಿ ನೋಡಿದವರು

ಉದಯಶಂಕರನ ಕರೆ ಬಂದಾಗ ರುದ್ರಪ್ರಸಾದ್ ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಿಂತು ತಾಯಿಯ ಕೈಗಳನ್ನು ನೋಡುತ್ತಿದ್ದ. ವಿಮಲಮ್ಮ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆಯೊಳಗೆ ಮೊಣಕೈವರೆಗೆ ಕೈಯಿಳಿಸಿ, ತಳದ ಎಲೆಗಳನ್ನು ಬೆರಳುಗಳ ನಡುವೆ ಉಜ್ಜಿ, ತೇವವಿಲ್ಲವೆಂದು ಖಚಿತವಾದ ಮೇಲೆಯೇ ತಟ್ಟೆಗಳಿಗೆ ಹರಡುತ್ತಿದ್ದರು. ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದ ಹುಳುಗಳಿಗೆ ಹಸಿವು ಬಹಳ. ಒಂದು ಕುಕ್ಕೆ ಒದ್ದೆ ಸೊಪ್ಪು ಬಿದ್ದರೂ ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಎಪ್ಪತ್ತೆರಡರ ವಯಸ್ಸಿನಲ್ಲೂ ಆ ಕೆಲಸವನ್ನು ವಿಮಲಮ್ಮ ಬೇರೆಯವರ ಕೈಗೆ ಕೊಟ್ಟವರಲ್ಲ.

ರುದ್ರಪ್ರಸಾದ್ ಫೋನನ್ನು ಕಿವಿಗಿಟ್ಟುಕೊಂಡು ಜಗಲಿಗೆ ಬಂದ.

"ಮೂರು ಗಂಟೆಗೆ ವಿಚಾರಣೆ ಕಣೋ ರುದ್ರ. ನಿಮ್ಮ ಹೊಂಗನೂರಿನ ಮೂರು ಗಂಟೆ. ಲಿಂಕ್ ಕಳ್ಸಿದ್ದೀನಿ. ನೆಟ್‌ವರ್ಕ್ ಇಲ್ಲ, ಕರೆಂಟ್ ಹೋಯ್ತು ಅಂತೆಲ್ಲ ಸಬೂಬು ಹೇಳ್ಬೇಡ. ಬೇಕಾದ್ರೆ ಚನ್ನಪಟ್ಟಣಕ್ಕೆ ಹೋಗಿ ಕೂತ್ಕೊ."

"ಇಲ್ಲೇ ಸಿಗುತ್ತೆ. ಆ ನೇಪಾಳಿ ಹೇಗಿದ್ದಾನೆ?"

"ಇನ್ನೂ ಐಸಿಯುನಲ್ಲೇ ಇದ್ದಾನೆ. ಮಿಕ್ಕ ನಲವತ್ತು ಜನ ಎದ್ದು ಓಡಾಡ್ತಾವ್ರೆ. ಅದನ್ನ ಬಿಡು, ಅದು ಡಾಕ್ಟ್ರ ಕೆಲ್ಸ. ನಮ್ಮ ಕೆಲ್ಸ ಆ ಒಂದು ಹಾಳೆ."

ಆ ಹಾಳೆ ಯಾವುದೆಂದು ರುದ್ರಪ್ರಸಾದನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮೂರು ದಿನಗಳಿಂದ ಅದು ಅವನ ಕಣ್ಣ ಮುಂದಿನಿಂದ ಕದಲಿರಲಿಲ್ಲ. ಅಂದು ಮುಂಜಾನೆ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಪೂಜೆಗೆ ಕುಳಿತಾಗಲೂ ದೃಷ್ಟಿ ಲಿಂಗದಲ್ಲಿ ನಿಲ್ಲದೆ ಆ ಹಾಳೆಯ ಮೂರು ಅಂಕಣಗಳ ಮೇಲೆಯೇ ಹರಿದಾಡಿತ್ತು: ರುಚಿ ನೋಡಿದವರು, ವೇಳೆ, ವ್ಯವಸ್ಥಾಪಕರ ಸಹಿ.

ಕೊಲ್ಲಿಯ ನಾಡೊಂದರ ಒಳಮರುಭೂಮಿಯಲ್ಲಿ, ಹತ್ತಿರದ ಪಟ್ಟಣಕ್ಕೆ ನಾಲ್ಕು ಗಂಟೆಯ ದಾರಿಯಿರುವ ಕಡೆ, ತೈಲಬಾವಿ ಕೊರೆಯುವ ಆರುನೂರು ಮಂದಿಯ ಶಿಬಿರವಿತ್ತು. ಸಾಲುಸಾಲಾಗಿ ನಿಲ್ಲಿಸಿದ ತಗಡಿನ ಕೊಠಡಿಗಳು, ಅವುಗಳ ನಡುವೆ ಒಂದು ಅಡುಗೆಮನೆ, ಅದರ ಹಿಂದೆ ವಾರಕ್ಕೆರಡು ಬಾರಿ ಲಾರಿಗಳು ತಂದು ತುಂಬುವ ಶೀತಲಗೃಹ. ಸುತ್ತ ಕಣ್ಣು ಹಾಯುವಷ್ಟು ದೂರ ಮರಳು. ಅಲ್ಲಿ ಮನುಷ್ಯನಿಗೆ ಕಾಯುವುದಕ್ಕೆ ಇದ್ದದ್ದು ಎರಡೇ, ಮನೆಯ ಕರೆ ಮತ್ತು ಊಟದ ಗಂಟೆ. ಆ ಊಟಕ್ಕೆ ರುದ್ರಪ್ರಸಾದ್ ಹನ್ನೊಂದು ವರ್ಷಗಳಿಂದ ಹೊಣೆಗಾರನಾಗಿದ್ದ. ಬಿಹಾರದವನಿಗೆ ರೊಟ್ಟಿ, ಫಿಲಿಪ್ಪೀನ್ಸಿನವನಿಗೆ ಮೀನು, ನೇಪಾಳದವನಿಗೆ ದಾಲ್ ಭಾತ್, ಕೇರಳದವನಿಗೆ ಕುಸುಬಲಕ್ಕಿ. ಇವೆಲ್ಲವೂ ಹೊತ್ತಿಗೆ ಸರಿಯಾಗಿ ಬಿಸಿಯಾಗಿ ಬಡಿಸಲ್ಪಡಬೇಕು. ಊಟ ಅರ್ಧ ಗಂಟೆ ತಡವಾದರೆ ಆ ಮರಳಿನಲ್ಲಿ ಜಗಳಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ಅಡುಗೆಮನೆಯಿಂದ ಹೊರಡುವ ಪ್ರತಿಯೊಂದು ಪಾತ್ರೆಯ ರುಚಿಯನ್ನೂ ವ್ಯವಸ್ಥಾಪಕನೇ ನೋಡಿ ಹಾಳೆಯಲ್ಲಿ ಬರೆಯಬೇಕೆಂಬುದು ಕಂಪನಿಯ ಕಟ್ಟುನಿಟ್ಟು. ರುದ್ರಪ್ರಸಾದ್ ಲಿಂಗವಂತ. ಮಾಂಸವನ್ನು ಹುಟ್ಟಿದಾಗಿನಿಂದ ಮುಟ್ಟಿದವನಲ್ಲ. ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ "ಎಲ್ಲ ಬಗೆಯ ಆಹಾರದ ರುಚಿ ನೋಡಬಲ್ಲಿರಾ?" ಎಂಬ ಪ್ರಶ್ನೆಯಿತ್ತು. ಮಾಗಡಿ ಸೀಮೆಯ ಕೆಂಪಾಪುರದವನೂ ದೂರದ ನಂಟನೂ ಆದ ಉದಯಶಂಕರ್ ಆಗಲೇ ಕಂಪನಿಯ ನಗರ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಆ ಪ್ರಶ್ನೆಯ ಮುಂದೆ "ಹೌದು" ಎಂದು ಅವನೇ ಗುರುತು ಹಾಕಿ, "ಅಲ್ಲಿ ಯಾರು ನೋಡಾಕ್ ಬತ್ತಾರೆ ಬಿಡೋ" ಎಂದು ನಕ್ಕಿದ್ದ.

ಮರುವರ್ಷವೇ ರುದ್ರಪ್ರಸಾದ್ ಚನ್ನಪಟ್ಟಣದಿಂದ ಸಾಬೀರನನ್ನು ಕರೆಸಿಕೊಂಡ. ಹೆದ್ದಾರಿಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಸಾಬೀರನ ಕೈಗೆ ಹದ ಗೊತ್ತಿತ್ತು, ನಾಲಗೆಗೆ ಸತ್ಯ ಗೊತ್ತಿತ್ತು. ಅಂದಿನಿಂದ ಅವರಿಬ್ಬರ ನಡುವೆ ಒಂದು ಒಪ್ಪಂದ ತಾನಾಗಿ ಬೆಳೆಯಿತು. ತರಕಾರಿಯ ಪಾತ್ರೆಗಳನ್ನು ರುದ್ರಪ್ರಸಾದ್ ನೋಡುವುದು, ಮಾಂಸದ ಪಾತ್ರೆಗಳನ್ನು ಸಾಬೀರ್ ನೋಡುವುದು, ಹಾಳೆಯ ಮೇಲೆ ರುದ್ರಪ್ರಸಾದ್ ಬರೆಯುವುದು. ಅದಕ್ಕೆ ಪ್ರತಿಯಾಗಿ ಎಂಬಂತೆ ಸಾಬೀರ್ ಅಡುಗೆಮನೆಯ ಮೂಲೆಯಲ್ಲಿ ಒಂದು ಪುಟ್ಟ ಒಲೆಯನ್ನೂ ಒಂದು ಪಾತ್ರೆಯನ್ನೂ ಬೇರೆಯಿಟ್ಟ. ಅದಕ್ಕೆ "ಅಣ್ಣನ ಪಾತ್ರೆ" ಎಂದು ಹೆಸರು. ಆ ಪಾತ್ರೆಗೆ ಬೇರೆ ಸೌಟು ತಾಕಿದರೆ ಸಾಬೀರ್ ಯಾರನ್ನೂ ಬಿಡುತ್ತಿರಲಿಲ್ಲ. ಊರಿನಿಂದ ಬಂದ ರಾಗಿಹಿಟ್ಟಿನಲ್ಲಿ ಮುದ್ದೆ ಕಟ್ಟಿ, ತೊಳೆದ ತಟ್ಟೆಯಲ್ಲಿಟ್ಟು, ತಾನು ಮಾಂಸ ಮುಟ್ಟಿದ ಕೈಯಲ್ಲಿ ಅದನ್ನು ಎತ್ತಿಕೊಡಬಾರದೆಂದು ದೂರದಿಂದಲೇ ಕೂಗುತ್ತಿದ್ದ.

ರಂಜಾನ್ ತಿಂಗಳಲ್ಲಿ ಮಾತ್ರ ಸಾಬೀರ್ ಹಗಲು ಏನನ್ನೂ ನಾಲಗೆಗೆ ಇಡುತ್ತಿರಲಿಲ್ಲ. ಆಗ ಕೇರಳದ ಒಬ್ಬ ವೃದ್ಧ ಬಾಣಸಿಗ ರುಚಿ ನೋಡುತ್ತಿದ್ದ. ಆತ ಕಳೆದ ವರ್ಷ ನಿವೃತ್ತನಾಗಿ ಊರಿಗೆ ಮರಳಿದ. ಈ ವರ್ಷ ರಂಜಾನಿನ ಮೊದಲ ದಿನವೇ ರುದ್ರಪ್ರಸಾದನಿಗೆ ಆ ಮಾತು ನೆನಪಾಗಿತ್ತು. ಯಾರನ್ನಾದರೂ ನೇಮಿಸಬೇಕು ಎಂದುಕೊಂಡ. ನಾಳೆ ಎಂದುಕೊಂಡ. ಏಳು ದಿನ ಹಾಳೆಯಲ್ಲಿ ರೂಢಿಯಂತೆ ಸಾಬೀರನ ಹೆಸರನ್ನೇ ಬರೆದ. ಎಂಟನೆಯ ದಿನ ಸೋಮವಾರ. ತಂದೆ ಚನ್ನಲಿಂಗಪ್ಪನವರ ವರ್ಷದ ಸ್ಮರಣೆಗೆಂದು ಅವನು ರಜೆಯ ಮೇಲೆ ಊರಿಗೆ ಹೊರಡಬೇಕಾಗಿದ್ದ ದಿನ. ವಿಮಾನ ನಿಲ್ದಾಣದ ಗಾಡಿ ಹತ್ತೂಕಾಲಿಗೆ ಬರಲಿತ್ತು. ಹತ್ತು ಗಂಟೆಗೇ ಮಧ್ಯಾಹ್ನದ ಹಾಳೆಯನ್ನು ಎಳೆದುಕೊಂಡು, "ಕೋಳಿ ಸಾರು" ಎಂಬುದರ ಮುಂದೆ "ಸಾಬೀರ್" ಎಂದೂ "ಹನ್ನೊಂದು ನಲವತ್ತು" ಎಂದೂ ಬರೆದು, ಸಹಿ ಹಾಕಿ ಹೊರಟುಬಿಟ್ಟ.

ಆ ಮಧ್ಯಾಹ್ನ ಕೋಳಿ ಸಾರು ಉಂಡವರಲ್ಲಿ ನಲವತ್ತೊಂದು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಹಿಂದಿನ ರಾತ್ರಿ ಶೀತಲಗೃಹದ ವಿದ್ಯುತ್ತು ಕೆಲವು ಗಂಟೆ ನಿಂತಿತ್ತೆಂಬುದು ಆಮೇಲೆ ತಿಳಿಯಿತು. ಪರೀಕ್ಷೆಗೆಂದು ತೆಗೆದಿರಿಸಿದ್ದ ಮಾದರಿಯನ್ನು ಮರುದಿನ ವೈದ್ಯನೊಬ್ಬ ನಾಲಗೆಯ ತುದಿಗಿಟ್ಟು ತಕ್ಷಣ ಉಗುಳಿದನಂತೆ. ಅಷ್ಟು ಹುಳಿ. ಯಾರಾದರೂ ಒಬ್ಬರು ರುಚಿ ನೋಡಿದ್ದರೆ ಸಾಕಿತ್ತು.

"ಕೇಳಿಸ್ತಾ ಇದೆಯಾ?" ಉದಯಶಂಕರನ ದನಿ ಮತ್ತೆ ಬಂತು. "ಗೇಟಿನ ರಿಜಿಸ್ಟರಿನಲ್ಲಿ ನೀನು ಹತ್ತು ಹದಿನೈದಕ್ಕೆ ಆಚೆ ಹೋಗಿದ್ದೀಯ. ಹಾಳೆಯಲ್ಲಿ ಹನ್ನೊಂದು ನಲವತ್ತು ಅಂತಿದೆ. ಆ ವೇಳೆಯನ್ನ ಯಾರು ಬರೆದ್ರು ಅಂತ ಕೇಳ್ತಾರೆ. ಸಾಬೀರ್ ಬರೆದ ಅಂದ್ಬಿಡು. ನೀನು ಸಹಿ ಹಾಕಿ ಕೊಟ್ಟೆ, ರುಚಿ ನೋಡಿ ವೇಳೆ ಬರೀ ಅಂದೆ, ಅವನು ನೋಡದೇ ಬರೆದ. ಅಷ್ಟೇ."

"ಅಂಕಿ ನನ್ನದು ಉದಯಣ್ಣ."

"ನಾಲ್ಕು ಅಂಕಿ ಕಣಯ್ಯ. ಅಂಕಿಯಲ್ಲಿ ಕೈಬರಹ ಹುಡುಕೋಕೆ ಅವ್ರೇನು ಶಾಸನ ಓದೋರಾ?"

"ಅವನ ಗತಿ?"

"ಪೊಲೀಸಿಗೆ ಒಪ್ಪಿಸ್ತಾರೆ. ಪಾಸ್‌ಪೋರ್ಟ್ ಆಗ್ಲೇ ತಗೊಂಡವ್ರೆ. ಒಂದು ವರ್ಷವೋ, ಎರಡು ವರ್ಷವೋ. ಆ ನೇಪಾಳಿ ಬದುಕಿದ್ರೆ ಇನ್ನೂ ಕಮ್ಮಿ. ನೋಡು ರುದ್ರ, ನೀನು ಬಾಯಿಬಿಟ್ರೆ ಹನ್ನೊಂದು ವರ್ಷದ ಹಾಳೆಯೆಲ್ಲಾ ತೆಗೀತಾರೆ. ಆ ಅರ್ಜಿಗೆ ಗುರುತು ಹಾಕಿದ ಕೈ ಯಾರ್ದು ಅಂತಾನೂ ಕೇಳ್ತಾರೆ. ಇಬ್ರೂ ಮುಳುಗ್ತೀವಿ."

ಕರೆ ನಿಂತಿತು. ಹುಳುಮನೆಯಿಂದ ವಿಮಲಮ್ಮನ ದನಿ ಬಂತು.

"ಯಾರ್ಲಾ ಅದು ಫೋನ್ನಾಗೆ? ಮೊಕ ಯಾಕಂಗ್ ಬಾಡ್ಸ್ಕಂಡಿದ್ದೀಯ?"

"ಕೆಲಸದ್ದು ಕಣವ್ವ."

"ಮೂರು ದಿನದಿಂದ ಬರೀ ಕೆಲಸದ್ದೇ. ರಜಕ್ಕೆ ಬಂದವ್ನು ನೀನಾ, ಫೋನಾ?"

ಹನ್ನೆರಡೂವರೆಯ ಬಸ್ಸಿನಿಂದ ಸಾದಿಕ್ ಇಳಿದು ಬಂದ. ಸಾಬೀರನ ತಂದೆ. ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಆಲೆಮರದ ತುಂಡುಗಳನ್ನು ತಿರುಗಣಿಗೆ ಹಿಡಿದು ಬೊಂಬೆ ಕಡೆದವನು. ಉಗುರಿನ ಸಂದಿಗಳಲ್ಲಿ ಅರಗಿನ ಕೆಂಪು ಕಾಯಮ್ಮಾಗಿ ನಿಂತಿತ್ತು. ಬಿಸಿಲಲ್ಲಿ ನಡೆದು ಬಂದ ಮುಖ ಒಣಗಿತ್ತು. ಅವನನ್ನು ಕಂಡೊಡನೆ ರುದ್ರಪ್ರಸಾದ್ ಎದ್ದು ನಿಂತ.

"ಬನ್ನಿ ಸಾದಿಕಣ್ಣ."

"ಹೇಳ್ದೆ ಕೇಳ್ದೆ ಬಂದ್ಬುಟ್ಟೆ, ತಪ್ಪು ತಿಳ್ಕಬ್ಯಾಡಿ ರುದ್ರಣ್ಣ," ಎಂದು ಸಾದಿಕ್ ಜಗಲಿಯ ಅಂಚಿನಲ್ಲಿ ಕುಳಿತ. "ನಿನ್ನೆ ಒಂದ್ಸಲ ಫೋನ್ ಮಾಡಿದ್ದ. ಯಾವ್ದೋ ರೂಮಲ್ಲಿ ಒಬ್ಬನ್ನೇ ಕೂರ್ಸವ್ರಂತೆ. ಆಚೆ ಬಿಡಲ್ವಂತೆ. ಇವತ್ತು ವಿಚಾರಣೆಯಂತೆ. ಏನಾಯ್ತು ಮಗಾ ಅಂದ್ರೆ, ಏನೂ ಇಲ್ಲ ಅಬ್ಬಾ, ರುದ್ರಣ್ಣನ ತಾವ ಹೋಗಿ ಏನೂ ಕೇಳ್ಬ್ಯಾಡ, ಅಣ್ಣನ್ ತಲೆ ಕೆಡಿಸ್ಬ್ಯಾಡ ಅಂದ. ಕೇಳ್ಬ್ಯಾಡ ಅಂದ ಮ್ಯಾಕೆ ಹೆಂಗ್ ಸುಮ್ಕಿರಾದು? ಅದಕ್ಕೇ ಬಂದೆ."

ರುದ್ರಪ್ರಸಾದನಿಗೆ ಆ ಮಾತಿನ ಭಾರ ಪೂರ್ತಿಯಾಗಿ ತಿಳಿಯಿತು. ಸಾಬೀರ್ ತನಿಖೆಯವರ ಮುಂದೆ "ನಾನು ಉಪವಾಸವಿದ್ದೆ, ರುಚಿ ನೋಡಲಿಲ್ಲ" ಎಂದಷ್ಟೇ ಹೇಳಿದ್ದಾನೆಂದು ಉದಯಶಂಕರನಿಂದ ಕೇಳಿದ್ದ. "ಹಾಗಾದರೆ ಯಾರು ನೋಡಬೇಕಿತ್ತು?" ಎಂದು ಕೇಳಿದಾಗ ಸಾಬೀರ್ ಬಾಯಿ ತೆರೆದಿರಲಿಲ್ಲ. ನಮ್ಮ ವ್ಯವಸ್ಥಾಪಕ ಮಾಂಸವನ್ನೇ ಮುಟ್ಟುವುದಿಲ್ಲ ಎಂಬ ಒಂದು ವಾಕ್ಯ ಅವನನ್ನು ಆ ಕೋಣೆಯಿಂದ ಹೊರಗೆ ತರಬಹುದಿತ್ತು. ಆ ವಾಕ್ಯವನ್ನು ಅವನು ಆಡಿರಲಿಲ್ಲ.

ವಿಮಲಮ್ಮ ಕೈ ತೊಳೆದು, ಎರಡು ಲೋಟ ಕಾಫಿ ಹಿಡಿದು ಹೊರಗೆ ಬಂದರು.

"ತಕೋ ಸಾದಿಕ. ಎಷ್ಟು ವರ್ಸಾಯ್ತು ನಮ್ಮನೆ ಕಡೆ ಬಂದು. ಕೂದ್ಲೆಲ್ಲಾ ಬೆಳ್ಳಗ್ ಮಾಡ್ಕಂಡಿದ್ದೀಯಲ್ಲ."

"ನಿಮ್ದು ಮಾತ್ರ ಕಪ್ಪಗೈತಾ ಅಕ್ಕಾರೆ? ಕಾಫಿ ಬ್ಯಾಡಿ. ರೋಜಾ ನಡೀತೈತೆ."

"ಅಯ್ಯೋ, ಮರ್ತೇ ಬುಟ್ಟಿದ್ದೆ. ಒಸಿ ನೀರಾದ್ರೂ ಕುಡಿ, ಬಿಸ್ಲಲ್ಲಿ ಬಂದಿದ್ದೀಯ."

"ನೀರೂ ಇಲ್ಲ, ಎಂಜ್ಲು ನುಂಗಾಕೂ ಲೆಕ್ಕ ನೋಡ್ತೀವಿ. ನಿಮ್ಮನೆ ಕಾಫಿ ವಾಸ್ನೆ ಮುಂದೆ ಕುಂತು ರೋಜಾ ಹಿಡಿಯೋದು ಐತಲ್ಲ, ಅದಕ್ಕೆ ಪುಣ್ಯ ಡಬಲ್ ಅಕ್ಕಾರೆ."

ವಿಮಲಮ್ಮ ನಕ್ಕರು. ನಗುತ್ತಲೇ ಕೇಳಿದರು. "ನಿನ್ನ ಮಗ್ನೂ ಆ ಸುಡೋ ಮರಳ್ನಾಗೆ ಉಪ್ವಾಸ ಇರ್ತಾನಾ? ಒಲೆ ಮುಂದೆ ನಿಂತ್ಕಂಡು?"

"ಒಂದು ದಿನಾನೂ ಬುಟ್ಟಿಲ್ಲ. ಆರು ವರ್ಸದ್ ಮಗಾ ಇದ್ದಾಗ್ಲಿಂದ."

"ಹಂಗಾರೆ ಉಪ್ಪು ಖಾರ ಯಾರು ನೋಡ್ತಾರೆ? ನಮ್ಮೋನಂತೂ ಆ ಪಾತ್ರೆ ಕಡೆ ತಲೇನೂ ಹಾಕಲ್ಲ."

ಮಾತು ಹಗುರವಾಗಿಯೇ ಹೊರಟಿತ್ತು. ಸಾದಿಕನ ದೃಷ್ಟಿ ನಿಧಾನವಾಗಿ ರುದ್ರಪ್ರಸಾದನ ಮುಖಕ್ಕೆ ಬಂದು ನಿಂತಿತು. ನಲವತ್ತು ವರ್ಷ ತಿರುಗುವ ಮರದ ಮೇಲೆ ಉಳಿಯಿಟ್ಟು ಕೂದಲೆಳೆಯಷ್ಟು ತಪ್ಪನ್ನೂ ಕಂಡುಹಿಡಿದ ಕಣ್ಣು ಅದು. ಕಂಡದ್ದನ್ನು ಅದು ಆಡಲಿಲ್ಲ. ಸಾದಿಕ್ ತಲೆ ತಗ್ಗಿಸಿ, ಬೆರಳಿನ ಅರಗಿನ ಕಲೆಯನ್ನು ಉಜ್ಜತೊಡಗಿದ.

"ಎಷ್ಟ್ ಗಂಟೆಗೆ ರುದ್ರಣ್ಣ, ವಿಚಾರಣೆ?"

"ಮೂರಕ್ಕೆ."

"ನಾನು ಇಲ್ಲೇ ಕೂತಿರ್ಲಾ? ಮಾತಾಡಲ್ಲ."

"ಕೂತಿರಿ."

ವಿಮಲಮ್ಮ ಎರಡೂ ಲೋಟಗಳನ್ನು ಹಾಗೆಯೇ ಒಳಗೆ ಒಯ್ದರು. ರುದ್ರಪ್ರಸಾದ್ ಹಿಂಬಾಲಿಸಿದಾಗ ಅವರು ಅಡುಗೆಮನೆಯ ಹೊಸ್ತಿಲಲ್ಲಿ ತಿರುಗಿ ನಿಂತರು.

"ಮೂರು ದಿನದಿಂದ ಫೋನ್ನಾಗೆ ಹಾಳೆ ಹಾಳೆ ಅಂತೀಯಲ್ಲ, ಅದ್ರ ಮ್ಯಾಲೆ ಯಾರ ಹೆಸ್ರು ಬರ್ದಿದ್ದೆ?"

"ಅವ್ವಾ, ನಿಂಗೆ ಗೊತ್ತಾಗಲ್ಲ ಅದೆಲ್ಲ."

"ನಂಗೆ ಹುಳಾ ಗೊತ್ತು, ಸೊಪ್ಪು ಗೊತ್ತು. ಒದ್ದೆ ಸೊಪ್ಪು ಹಾಕ್ಬುಟ್ಟು ಕೆಲಸದಾಕೆ ಮ್ಯಾಲೆ ತಪ್ಪು ಹಾಕಿದ್ರೆ ಸತ್ತ ಹುಳಾ ಎದ್ದು ಬರ್ತಾವಾ? ಯಾರ ಹೆಸ್ರು ಬರ್ದೆ, ಅದನ್ನ ಹೇಳು."

ಅವನು ಹೇಳಿದ. ವಿಮಲಮ್ಮ ಗದರಲಿಲ್ಲ, ಅಳಲೂ ಇಲ್ಲ. ಮಗನ ಕತ್ತಿನಲ್ಲಿ ಇಳಿಬಿದ್ದಿದ್ದ ಲಿಂಗದ ಕರಡಿಗೆಯನ್ನು ಒಮ್ಮೆ ನೋಡಿ, "ನಿನ್ನ ಪಾತ್ರೆ ಮೈಲಿಗೆ ಆಗ್ದಂಗೆ ಹತ್ತು ವರ್ಸ ಅವ್ನು ಕಾದ," ಎಂದಷ್ಟೇ ಹೇಳಿ ಹುಳುಮನೆಗೆ ಹೊರಟುಹೋದರು.

ಮಧ್ಯಾಹ್ನದ ಊಟ ಅವನಿಗೆ ಸೇರಲಿಲ್ಲ. ಹೆಂಡತಿ ಮಮತಾ ಚನ್ನಪಟ್ಟಣದ ಶಾಲೆಗೆ ಪಾಠ ಹೇಳಲು ಹೋಗಿದ್ದಳು. ಅವಳಿಗೆ ಕರೆ ಮಾಡಿ, ಎತ್ತುವ ಮೊದಲೇ ಕತ್ತರಿಸಿದ. ಅವಳು ಏನು ಹೇಳುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಅದನ್ನು ಕೇಳಿ ವಿಚಾರಣೆಯಲ್ಲಿ ಹೇಳಿದರೆ, ಹೇಳಿದ್ದು ತನ್ನ ಮಾತಾಗಿ ಉಳಿಯುವುದಿಲ್ಲವೆಂಬುದೂ ಗೊತ್ತಿತ್ತು. ಎರಡೂವರೆಗೆ ಉದಯಶಂಕರ್ ಮತ್ತೆ ಕರೆದ.

"ತಯಾರಾ?"

"ಉದಯಣ್ಣ, ಅವತ್ತು ಬೆಳಿಗ್ಗೆ ಸಾಬೀರ್ ನನ್ನ ಹತ್ರ ಬಂದಿದ್ದ."

"ಯಾಕೆ?"

"ಗಾಡಿಗೆ ಪೆಟ್ಟಿಗೆ ಇಡ್ತಾ ಇದ್ದೆ. ಅಣ್ಣ, ಕೋಳಿ ವಾಸ್ನೆ ಒಸಿ ಬ್ಯಾರೆ ಬತ್ತೈತೆ, ಯಾರಿಗಾದ್ರೂ ಬಾಯಿಗೆ ಹಾಕ್ಸಿ ನೋಡಾಣ ಅಂದ. ಉಪವಾಸದಲ್ಲಿ ಎಲ್ಲಾ ವಾಸನೆಯೂ ಬೇರೆ ಥರಾನೇ ಇರುತ್ತೆ, ಹೋಗೋ ಅಂದೆ. ನಕ್ಕೆ ಬೇರೆ."

ಆ ಕಡೆಯ ದನಿಯಲ್ಲಿ ಈಗ ನಂಟಸ್ತಿಕೆ ಉಳಿದಿರಲಿಲ್ಲ.

"ಇದನ್ನ ನೀನು ನನ್ಗೆ ಹೇಳ್ಲಿಲ್ಲ. ನಾನು ಕೇಳ್ಲಿಲ್ಲ. ತಿಳೀತಾ? ಆ ಅಡುಗೆಯವ್ನು ಇದನ್ನ ಇನ್ನೂ ಬಾಯಿಬಿಟ್ಟಿಲ್ಲ. ನೀನು ಯಾಕೆ ಬಿಡ್ತೀಯ? ದೊಡ್ಡ ಹರಿಶ್ಚಂದ್ರ ಆಗೋಕ್ ಹೋಗ್ಬೇಡ. ವೇಳೆ ಅವನು ಬರೆದ. ಒಂದೇ ಒಂದು ಮಾತು."

ಮೂರಕ್ಕೆ ಐದು ನಿಮಿಷವಿರುವಾಗ ರುದ್ರಪ್ರಸಾದ್ ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತ. ಕಿಟಕಿಯಾಚೆ ಜಗಲಿಯಲ್ಲಿ ಸಾದಿಕನ ಬೆನ್ನು ಕಾಣುತ್ತಿತ್ತು. ಪರದೆಯ ಮೇಲೆ ಒಂದೊಂದಾಗಿ ಮುಖಗಳು ಮೂಡಿದವು. ನಡುವಿನಲ್ಲಿ ಸುರಕ್ಷತಾ ವಿಭಾಗದ ಮುಖ್ಯಸ್ಥೆ, ನರೆಗೂದಲಿನ ಒಬ್ಬ ವಿದೇಶೀ ಮಹಿಳೆ. ಪಕ್ಕದಲ್ಲಿ ಒಬ್ಬ ವಕೀಲ. ಟೈ ಕಟ್ಟಿದ ಉದಯಶಂಕರ್. ಕೊನೆಯ ಚೌಕದಲ್ಲಿ ಬಿಳಿಯ ಗೋಡೆಯೊಂದರ ಮುಂದೆ ಸಾಬೀರ್. ಬಾಣಸಿಗನ ಟೊಪ್ಪಿಗೆಯಿಲ್ಲದ ಅವನ ತಲೆಯನ್ನು ರುದ್ರಪ್ರಸಾದ್ ಕಂಡದ್ದೇ ಅಪರೂಪ. ತುಟಿಗಳು ಬಿರಿದಿದ್ದವು. ಅವನ ಮುಂದೆ ಯಾರೋ ನೀರಿನ ಬಾಟಲಿಯಿಟ್ಟಿದ್ದರು. ಅದರ ಮುಚ್ಚಳ ತೆರೆದಿರಲಿಲ್ಲ.

ಮಾತು ಇಂಗ್ಲಿಷಿನಲ್ಲಿ ನಡೆಯಿತು. ಮುಖ್ಯಸ್ಥೆ ಹಾಳೆಯನ್ನು ಪರದೆಯ ಮೇಲೆ ತೋರಿಸಿದಳು.

"ಈ ಸಹಿ ನಿಮ್ಮದೇ?"

"ನನ್ನದೇ."

"ನೀವು ಶಿಬಿರವನ್ನು ಬಿಟ್ಟದ್ದು ಹತ್ತು ಹದಿನೈದಕ್ಕೆ. ಇಲ್ಲಿರುವ ವೇಳೆ ಹನ್ನೊಂದು ನಲವತ್ತು. ಈ ವೇಳೆಯನ್ನು ಬರೆದವರು ಯಾರು?"

ಉದಯಶಂಕರ್ ಪರದೆಯಲ್ಲಿ ತಲೆಯನ್ನು ಅತ್ಯಲ್ಪವಾಗಿ ಅಲುಗಿಸಿದಂತೆ ಕಂಡಿತು. ಹುಳುಮನೆಯಲ್ಲಿ ತಟ್ಟೆ ಸರಿಸುವ ಸದ್ದು ಕೇಳಿಸಿ, ಆಮೇಲೆ ನಿಂತಿತು. ವಿಮಲಮ್ಮ ಅಲ್ಲಿಯೇ ನಿಂತು ಕಿವಿಗೊಟ್ಟಿದ್ದಾರೆಂದು ಅವನಿಗೆ ತಿಳಿಯಿತು. ಇಂಗ್ಲಿಷು ಅವರಿಗೆ ಬಾರದು. ದನಿಯನ್ನು ಮಾತ್ರ ಅವರು ಬಲ್ಲರು.

"ನಾನೇ," ಎಂದ. "ಹತ್ತು ಗಂಟೆಗೆ ಬರೆದೆ."

"ಹತ್ತು ಗಂಟೆಗೆ ಹನ್ನೊಂದು ನಲವತ್ತೆಂದು ಬರೆದಿರಾ?"

"ಹೌದು. ರುಚಿ ನೋಡಿದವರು ಎಂಬಲ್ಲಿ ಸಾಬೀರನ ಹೆಸರನ್ನು ಬರೆದವನೂ ನಾನೇ. ಅವನು ಉಪವಾಸದಲ್ಲಿದ್ದಾನೆಂದು ತಿಳಿದೂ ಬರೆದೆ. ಆ ಎಂಟು ದಿನ ಮಾಂಸದ ಪಾತ್ರೆಗಳ ರುಚಿಯನ್ನು ಯಾರೂ ನೋಡಿಲ್ಲ."

ಸಾಬೀರ್ ಮುಂದಕ್ಕೆ ಬಾಗಿದ. "ಅಣ್ಣಾ," ಎಂದ ಕನ್ನಡದಲ್ಲಿ. "ಬ್ಯಾಡ ಅಣ್ಣಾ. ಸುಮ್ಕಿರಿ. ನಿಮ್ಮ ದಮ್ಮಯ್ಯ."

ಜಗಲಿಯಲ್ಲಿ ಸಾದಿಕನ ಬೆನ್ನು ನೆಟ್ಟಗಾಯಿತು. ಮಗನ ದನಿ ಅವನಿಗೆ ಕೇಳಿಸಿತ್ತು.

"ಆತ ಏನು ಹೇಳುತ್ತಿದ್ದಾನೆ?" ಎಂದು ಮುಖ್ಯಸ್ಥೆ ಕೇಳಿದಳು.

"ಕ್ಷಮೆ ಕೇಳುತ್ತಿದ್ದಾನೆ," ಎಂದು ಉದಯಶಂಕರ್ ಥಟ್ಟನೆ ಅನುವಾದಿಸಿದ. "ತನ್ನ ತಪ್ಪನ್ನು ಕ್ಷಮಿಸಿ ಎನ್ನುತ್ತಿದ್ದಾನೆ."

ಈ ಒಂದು ಮಾತು ಕಡತದಲ್ಲಿ ಸೇರಿದರೆ ಅದೇ ಒಪ್ಪಿಗೆಯ ಹೇಳಿಕೆಯಾಗುತ್ತದೆಂಬುದು ರುದ್ರಪ್ರಸಾದನಿಗೆ ತಕ್ಷಣ ಹೊಳೆಯಿತು. ವಕೀಲ ಆಗಲೇ ಬರೆದುಕೊಳ್ಳತೊಡಗಿದ್ದ.

"ಅದು ತಪ್ಪು ಅನುವಾದ," ಎಂದ ರುದ್ರಪ್ರಸಾದ್. ದನಿ ತಾನಾಗಿ ಏರಿತ್ತು. "ಅವನು ಕ್ಷಮೆ ಕೇಳುತ್ತಿಲ್ಲ. ನನ್ನನ್ನು ಸುಮ್ಮನಿರು ಎಂದು ಬೇಡಿಕೊಳ್ಳುತ್ತಿದ್ದಾನೆ. ಕನ್ನಡ ಬಲ್ಲ ಬೇರೆ ಯಾರನ್ನಾದರೂ ಕೇಳಿ ನೋಡಿ. ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ."

ವಕೀಲನ ಲೇಖನಿ ನಿಂತಿತು. ಮುಖ್ಯಸ್ಥೆ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಿಯಮದಂತೆ ರುಚಿ ನೋಡಬೇಕಾದವರು ನೀವು. ನೀವೇಕೆ ನೋಡಲಿಲ್ಲ?"

"ನಾನು ಮಾಂಸವನ್ನು ಮುಟ್ಟುವುದಿಲ್ಲ. ಅದು ನನ್ನ ಧರ್ಮಾಚಾರ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ನೋಡಿಲ್ಲ. ಅದನ್ನು ನಿಮಗೆ ಮೊದಲೇ ತಿಳಿಸಬೇಕಿತ್ತು. ತಿಳಿಸದೆ ಇನ್ನೊಬ್ಬನ ನಾಲಗೆಯನ್ನು ನನ್ನದೆಂದು ಬರೆದೆ. ಇನ್ನೂ ಒಂದು ಮಾತಿದೆ. ಅದನ್ನು ನೀವು ಕೇಳಿಲ್ಲ."

"ಹೇಳಿ."

"ಹೊರಡುವ ಮುನ್ನ ಸಾಬೀರ್ ನನ್ನ ಬಳಿ ಬಂದು ಆ ಪಾತ್ರೆಯ ವಾಸನೆ ಸರಿಯಿಲ್ಲವೆಂದ. ಯಾರಿಗಾದರೂ ರುಚಿ ತೋರಿಸೋಣವೆಂದ. ನಾನು ಬೇಡವೆಂದೆ. ತಡೆಯುವ ಅಧಿಕಾರ ಅವನಿಗಿರಲಿಲ್ಲ. ನನಗಿತ್ತು."

ಕೊನೆಯ ಚೌಕದಲ್ಲಿ ಸಾಬೀರ್ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಉದಯಶಂಕರನ ಚೌಕ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಯಿತು. ಮುಖ್ಯಸ್ಥೆ ಅದನ್ನು ಗಮನಿಸಿ ಏನನ್ನೋ ಬರೆದುಕೊಂಡಳು. ಆಮೇಲೆ ಪ್ರಶ್ನೆಗಳು ಮುಕ್ಕಾಲು ಗಂಟೆ ನಡೆದವು. ಶೀತಲಗೃಹದ ಕೀಲಿಕೈ ಯಾರ ಬಳಿ, ಉಷ್ಣಾಂಶ ಅಳೆದವರು ಯಾರು, ಹಿಂದಿನ ರಂಜಾನುಗಳಲ್ಲಿ ಏನು ಏರ್ಪಾಡು, ಅರ್ಜಿಯ ಆ ಗುರುತು ಯಾರದು. ಪ್ರತಿಯೊಂದಕ್ಕೂ ಅವನು ಉತ್ತರಿಸಿದ. ಅರ್ಜಿಯ ಪ್ರಶ್ನೆಗೆ ಮಾತ್ರ, "ಸಹಿ ನನ್ನದು, ಆದ್ದರಿಂದ ಗುರುತೂ ನನ್ನದೇ," ಎಂದ.

ಐದು ನಿಮಿಷ ಕಾಯಲು ಹೇಳಿ ಅವರು ಹೊರಟರು. ಮರಳಿ ಬಂದಾಗ ಮುಖ್ಯಸ್ಥೆ ಎದುರಿಗಿದ್ದ ಕಾಗದವನ್ನು ಓದಿದಳು. ಸಾಬೀರನ ಮೇಲೆ ದೂರು ಕೊಡುವುದಿಲ್ಲ. ಅವನ ಪಾಸ್‌ಪೋರ್ಟನ್ನು ಇಂದೇ ಹಿಂದಿರುಗಿಸಲಾಗುವುದು. ಅವನು ಅಡುಗೆಮನೆಗೆ ಮರಳಬಹುದು. ರುದ್ರಪ್ರಸಾದನ ಕರಾರು ಈ ಕ್ಷಣದಿಂದ ರದ್ದು. ಅವನ ಹೇಳಿಕೆ ಅಲ್ಲಿಯ ಪೊಲೀಸರಿಗೆ ಹೋಗುತ್ತದೆ. ಆ ದೇಶದಲ್ಲಿ ಇನ್ನೊಮ್ಮೆ ಕಾಲಿಟ್ಟರೆ ಅವನೇ ಉತ್ತರ ಕೊಡಬೇಕಾಗುತ್ತದೆ. ಓದಿ ಮುಗಿಸಿ ಅವಳು ಕಾಗದವನ್ನು ಪಕ್ಕಕ್ಕಿಟ್ಟಳು.

"ಆ ನೇಪಾಳಿ ಕಾರ್ಮಿಕ ಒಂದು ಗಂಟೆಯ ಹಿಂದೆ ಕಣ್ಣು ತೆರೆದಿದ್ದಾನೆ. ನಿಮಗೆ ತಿಳಿದಿರಲಿ ಎಂದು ಹೇಳಿದೆ."

ಪರದೆ ಆರಿತು. ರುದ್ರಪ್ರಸಾದ್ ಎದ್ದು ಹೊರಗೆ ಬಂದ. ಸಾದಿಕ್ ಕುಳಿತಲ್ಲಿಂದ ಏಳದೆ ತಲೆಯೆತ್ತಿ ನೋಡಿದ.

"ಬುಟ್ರು ಸಾದಿಕಣ್ಣ. ಪಾಸ್‌ಪೋರ್ಟ್ ಇವತ್ತೇ ಕೊಡ್ತಾರೆ."

ಸಾದಿಕ್ ಆಕಾಶದ ಕಡೆ ಅಂಗೈ ತೆರೆದು ಏನನ್ನೋ ಮೆಲ್ಲಗೆ ಹೇಳಿಕೊಂಡ. ಬಳಿಕ ಕೇಳಿದ. "ನಿಮ್ಗೆ?"

"ನಂಗೆ ರಜ ಜಾಸ್ತಿ ಸಿಕ್ತು."

ಸಾದಿಕ್ ನಗಲಿಲ್ಲ. "ಮಧ್ಯಾಹ್ನ ಗೊತ್ತಾಯ್ತು ನಂಗೆ," ಎಂದ. "ಅಕ್ಕಾರು ಉಪ್ಪು ಖಾರದ ಮಾತು ಎತ್ತಿದ್ರಲ್ಲ, ಆಗ. ಎದ್ದು ಹೋಗ್ಬುಡಾಣ ಅನ್ನಿಸ್ತು. ನಿಮ್ಮನ್ನ ಬೈದ್ಬುಡಾಣ ಅಂತಾನೂ ಅನ್ನಿಸ್ತು. ರೋಜಾದಾಗೆ ಬಾಯಿ ಕೆಡಿಸ್ಕಬಾರ್ದು ಅಂತ ಕುಂತೆ." ಬೆರಳಿನ ಕಲೆಯನ್ನು ಮತ್ತೆ ಉಜ್ಜಿದ. "ಸಿಟ್ಟು ಇನ್ನೂ ಐತೆ. ಹೋಗ್ತೈತೆ, ನಿಧಾನಕ್ಕೆ."

"ಇರ್ಲಿ," ಎಂದ ರುದ್ರಪ್ರಸಾದ್.

ವಿಮಲಮ್ಮ ಸಾದಿಕನನ್ನು ಐದು ಗಂಟೆಯ ಬಸ್ಸಿಗೆ ಬಿಡಲಿಲ್ಲ. "ಬಸ್ನಾಗೆ ಕುಂತು ರೋಜಾ ಬಿಡ್ತೀಯಾ? ಆರೂವರೆ ಗಂಟ ಇರು. ಆಮ್ಯಾಕೂ ಬಸ್ಸೈತೆ," ಎಂದು ಅಡುಗೆಮನೆ ಸೇರಿದರು. ಬಾಳೆಹಣ್ಣು, ಖರ್ಜೂರ, ಒಂದು ಚೊಂಬು ನೀರು ಜಗಲಿಗೆ ಬಂದವು. ಒಲೆಯ ಮೇಲೆ ಅಕ್ಕಿ ಮತ್ತು ಹೆಸರುಬೇಳೆಯ ಗಂಜಿ ಕುದಿಯತೊಡಗಿತು.

ಹೊತ್ತು ಇಳಿಯುವ ಮುನ್ನ ರುದ್ರಪ್ರಸಾದನ ಫೋನಿಗೆ ಸಾಬೀರನ ಕರೆ ಬಂತು. ಅಲ್ಲಿ ಇನ್ನೂ ಬಿಸಿಲಿದ್ದ ಸಮಯ. ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದು.

"ಅಣ್ಣಾ, ಅಡುಗೆಮನೇಲಿ ಇದ್ದೀನಿ. ಒಳಕ್ಕೆ ಬಂದ ತಕ್ಷಣ ನೋಡ್ದೆ. ನಿಮ್ಮ ಪಾತ್ರೇನ ಯಾರೋ ಬಳಸ್ಬುಟ್ಟವ್ರೆ. ಬೈದೆ ಸರ್ಯಾಗಿ."

"ಬಳಸ್ಲಿ ಬುಡೋ. ರಾತ್ರಿ ಊಟದ ರುಚಿ ಯಾರು ನೋಡ್ತಾವ್ರೆ?"

"ಇಬ್ರನ್ನ ಹಾಕವ್ರೆ. ಅವ್ರೇ ಬಂದು ರುಚಿ ನೋಡ್ತಾರೆ, ಅವ್ರೇ ಬರ್ದು ಅವ್ರೇ ಸಹಿ ಮಾಡ್ತಾವ್ರೆ. ಅಣ್ಣಾ..."

"ಹೇಳು."

"ಯಾಕೆ ಹೇಳ್ಬುಟ್ರಿ ನೀವು?"

"ನೀನ್ ಯಾಕೆ ಹೇಳ್ಲಿಲ್ಲ?"

ಅಲ್ಲಿ ಯಾರೋ ಸಾಬೀರನನ್ನು ಕೂಗಿದರು. "ಅಬ್ಬಾಗೆ ಕೊಡಿ ಫೋನು," ಎಂದ. ರುದ್ರಪ್ರಸಾದ್ ಫೋನನ್ನು ಸಾದಿಕನ ಕೈಗಿತ್ತು, ತಂದೆ ಮಗನ ಮಾತು ಕಿವಿಗೆ ಬೀಳದಂತೆ ಒಳಗೆ ಹೋದ.

ಅಡುಗೆಮನೆಯಲ್ಲಿ ವಿಮಲಮ್ಮ ಗಂಜಿಯನ್ನು ಇಳಿಸುತ್ತಿದ್ದರು. ಮಗನನ್ನು ಕಂಡು, ಪಾತ್ರೆಯಿಂದ ಒಂದು ಸೌಟು ತೆಗೆದು, ಊದಿ, ಅವನ ಮುಂದೆ ಹಿಡಿದರು.

"ಸಾದಿಕ ದಿನವೆಲ್ಲಾ ಹಸ್ಕಂಡವ್ನೆ. ನೋಡು ಹೆಂಗೈತೆ."

ರುದ್ರಪ್ರಸಾದ್ ಅಂಗೈಯನ್ನು ಒಡ್ಡಿ, ಬಿಸಿಯನ್ನು ತಡೆದುಕೊಂಡು, ಗಂಜಿಯನ್ನು ಬಾಯಿಗಿಟ್ಟುಕೊಂಡ. ನುಂಗುವ ಮುನ್ನ ಒಂದು ಕ್ಷಣ ನಾಲಗೆಯ ಮೇಲೆಯೇ ನಿಲ್ಲಿಸಿದ.

"ಉಪ್ಪು ಒಸಿ ಕಮ್ಮಿ," ಎಂದ.

ವಿಮಲಮ್ಮ ಉಪ್ಪಿನ ಡಬ್ಬಿಯನ್ನು ಅವನ ಕಡೆಗೆ ಸರಿಸಿದರು. ಅವನು ಹಾಕಿ, ಕಲಕಿ, ಮತ್ತೊಮ್ಮೆ ನೋಡಿದ. ಆಮೇಲೆ ಬಟ್ಟಲಿಗೆ ಬಡಿಸಿಕೊಂಡು, ಹೊತ್ತು ಮುಳುಗುವುದನ್ನು ಕಾಯುತ್ತ ಜಗಲಿಯಲ್ಲಿ ಕುಳಿತಿದ್ದ ಸಾದಿಕನ ಬಳಿಗೆ ತಾನೇ ಎರಡೂ ಕೈಗಳಲ್ಲಿ ಹಿಡಿದು ನಡೆದ.